ಫೀಲ್ಡ್ ಮಾರ್ಷಲ್ ಕಾರ್ಯಪ್ಪ: ಸೇನಾಪತಿ ಗೊತ್ತು, ಅಪ್ಪ ಗೊತ್ತಾ?

ಕಾಫಿಕಣಿವೆ

ಪ್ರತಿ ವರ್ಷ ಜನವರಿ 15 ಬಂದರೆ ಸಾಕು, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಾರ್ಯಪ್ಪನವರ ಅದೇ ಫೋಟೋ ಬಂದು ಬೀಳುತ್ತದೆ. ಸಣ್ಣ ಮೀಸೆ, ನೆಟ್ಟಗಿನ ಬೆನ್ನು. ಕೆಳಗೆ ಅದೇ ಸಾಲು: 1949ರಲ್ಲಿ ಜನರಲ್ ರಾಯ್ ಬೂಚರ್ ಅವರಿಂದ ಅಧಿಕಾರ ವಹಿಸಿಕೊಂಡವರು, ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತುತ್ತಾರೆ. ಹತ್ತು ನಿಮಿಷಕ್ಕೆ ಯಾರೋ ಪುಟ್ಟ ಮಗುವಿನ ಹುಟ್ಟುಹಬ್ಬದ ಫೋಟೋ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಶನಿವಾರಸಂತೆಯಲ್ಲಿ ಹುಟ್ಟಿದ್ದು, ಇಂದೋರಿನ ಡೇಲಿ ಕೆಡೆಟ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯರಲ್ಲಿ ಒಬ್ಬರಾಗಿದ್ದು, 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ ಆಗಿದ್ದು, ಇವೆಲ್ಲ ಶಾಲೆಯ ಭಾಷಣದಲ್ಲೇ ಬಾಯಿಪಾಠ ಆಗಿವೆ. ನನಗೆ ಬೇಕಿರುವುದು ಮನೆಯೊಳಗಿನ ಮನುಷ್ಯ. ಮನೆಯವರಿಗೆ ಅವರು 'ಚಿಮ್ಮ'. ಇಬ್ಬರು ಮಕ್ಕಳ ತಂದೆ.

ಈ ಅಪ್ಪನ ಬಗ್ಗೆ ನಮಗೆ ಗೊತ್ತಿರುವುದು ಒಂದೇ ಕಥೆ. 1965ರ ಸೆಪ್ಟೆಂಬರ್ 22. ಕದನವಿರಾಮಕ್ಕೆ ಇನ್ನು ಕೆಲವೇ ಗಂಟೆ. ಮಗ ನಂದಾ ಕಾರ್ಯಪ್ಪ ಹಂಟರ್ ವಿಮಾನದಲ್ಲಿ ದಾಳಿಗೆ ಹೋಗಿದ್ದರು. ನೆಲದಿಂದ ಬಂದ ಗುಂಡು ವಿಮಾನಕ್ಕೆ ತಗುಲಿ, ಹೊರಗೆ ಹಾರಿ, ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ದರು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವುದಕ್ಕೆ ಮುಂಚೆ ಬನ್ನು ಬ್ರಿಗೇಡ್‌ನಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ಬಿಡುತ್ತೇವೆ ಎಂದು ದೆಹಲಿಯ ರಾಯಭಾರಿ ಮೂಲಕ ಹೇಳಿಕಳಿಸಿದರು. ಅವನೀಗ ನನ್ನೊಬ್ಬನ ಮಗನಲ್ಲ, ಬಿಟ್ಟರೆ ಎಲ್ಲ ಸೆರೆಯಾಳುಗಳನ್ನೂ ಬಿಡಿ, ಇಲ್ಲದಿದ್ದರೆ ಅವನಿಗೆ ಮಾತ್ರ ವಿಶೇಷ ಏನೂ ಬೇಡ ಅಂತ ಅಪ್ಪ ಉತ್ತರ ಕೊಟ್ಟರು.

ಚಿಕ್ಕವನಿದ್ದಾಗ ಇದನ್ನು ಕೇಳಿ ಎದೆ ಉಬ್ಬುತ್ತಿತ್ತು. ಈಗ ನನಗೂ ಒಬ್ಬ ಮಗ ಇದ್ದಾನೆ. ಈಗ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನೀವೆಲ್ಲ ಏನಂತೀರಿ?

ಸಂಶಯಪಿಶಾಚಿ

ಕಥೆ ಚೆನ್ನಾಗಿದೆ. ಆದರೆ ಇದು ಫಾರ್ವರ್ಡ್ ಆಗ್ತಾ ಆಗ್ತಾ ಎಷ್ಟು ಉಬ್ಬಿದೆ ನೋಡಿ. ನಾನೇ ಎಷ್ಟೋ ಬಗೆ ಓದಿದ್ದೇನೆ. ಒಂದರಲ್ಲಿ ಅಯೂಬ್ ಖಾನ್ ಖುದ್ದು ಫೋನ್ ಮಾಡಿ ಅಳುತ್ತಾರೆ. ಇನ್ನೊಂದರಲ್ಲಿ ಕಾರ್ಯಪ್ಪ ಫೋನ್ ಕುಕ್ಕುತ್ತಾರೆ. ಸಿನಿಮಾ ಡೈಲಾಗ್ ಥರ ಉದ್ದುದ್ದ ಮಾತು ಬೇರೆ. ಎಷ್ಟು ನಿಜ, ಎಷ್ಟು ಒಗ್ಗರಣೆ?

ಕಾಫಿಕಣಿವೆ

ಒಗ್ಗರಣೆ ಖಂಡಿತ ಇದೆ. ಅದಕ್ಕೇ ನಾನು ಡೈಲಾಗ್ ಹಾಕಲಿಲ್ಲ. ಆದರೆ ಬುಡ ಗಟ್ಟಿ. ಮಗ ಸೆರೆ ಸಿಕ್ಕ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಕೂಡಲೇ ಹೇಳಿತ್ತು. ಹೆಸರು ಕೇಳಿದ ತಕ್ಷಣ ಅವರಿಗೆ ಯಾರ ಮಗ ಅಂತ ಗೊತ್ತಾಗಿತ್ತು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದ ನಂದಾ ಅವರೇ ಇದನ್ನೆಲ್ಲ ಹೇಳಿಕೊಂಡಿದ್ದಾರೆ.

ಅವರು ಹೇಳಿದ್ದರಲ್ಲಿ ನನಗೆ ಇಷ್ಟವಾದದ್ದು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಸೆರೆಯಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಯೂಬ್ ಖಾನರ ಹೆಂಡತಿ ಮತ್ತು ದೊಡ್ಡ ಮಗ ನೋಡಲು ಬಂದಿದ್ದರಂತೆ. ಕೈಯಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು, ಒಂದು ವೋಡ್‌ಹೌಸ್ ಕಾದಂಬರಿ. ವಿಮಾನದಿಂದ ಹಾರಿ ಬೆನ್ನು ಜಜ್ಜಿಕೊಂಡವನಿಗೆ ನಗೆಕಾದಂಬರಿ! ಅಪ್ಪ ಬೇಡವೆಂದರೂ ಹಳೇ ಪರಿಚಯದ ಮನೆಯವರು ಸುಮ್ನೆ ಕೂರಲಿಲ್ಲ. ಶತ್ರುದೇಶದ ಅಧ್ಯಕ್ಷರ ಮನೆಯವರು ಅನ್ನುವುದಕ್ಕಿಂತ ಅಪ್ಪನ ಸ್ನೇಹಿತರ ಮನೆಯವರು ಬಂದ ಹಾಗಿದೆ ಅದು.

ಹವಾಲ್ದಾರ್‌ಮಗಳು

ನಮ್ಮದು ಅರಸೀಕೆರೆ ಕಡೆ. ನಮ್ಮ ತಂದೆ ಹವಾಲ್ದಾರ್ ಆಗಿದ್ದರು. ಅಧಿಕಾರಿಗಳ ಮನೆಯ ಕಥೆ ನನಗೆ ಗೊತ್ತಿಲ್ಲ, ಜವಾನರ ಮನೆಯದು ಗೊತ್ತು.

ನಮಗೆ ಅಪ್ಪ ಅಂದರೆ ವರ್ಷಕ್ಕೆ ಎರಡು ತಿಂಗಳು. ಉಳಿದ ಹತ್ತು ತಿಂಗಳು ಅಪ್ಪ ಅಂದರೆ ನೀಲಿ ಇನ್‌ಲ್ಯಾಂಡ್ ಪತ್ರ, ಅದರ ಮೇಲೆ '56 ಎಪಿಒ', ಅಂದರೆ ಸೇನೆಯ ಅಂಚೆ ಕಚೇರಿಯ ನಂಬರು. ಎಲ್ಲಿದ್ದಾರೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಎಲ್ಲಿದ್ದರೂ ಅದೇ ವಿಳಾಸ. ಅವ್ವ ಪತ್ರ ಒಡೆದು ಮೊದಲು ತಾರೀಖು ನೋಡುತ್ತಿದ್ದಳು. ಬರೆದು ಎಷ್ಟು ದಿನ ಆಯಿತು, ಅಂದರೆ ಆವತ್ತಿಗೆ ಜೀವಂತ ಇದ್ದರು ಅನ್ನುವ ಲೆಕ್ಕ. ಆಮೇಲೆ ಒಳಗಿನದು. ಒಳಗೆ ಏನು, ಹಸು ಕರು ಹಾಕಿತಾ, ಸೊಸೈಟಿ ಸಾಲ ಕಟ್ಟಿದಿರಾ, ಮಗಳು ಮಗ್ಗಿ ಎಲ್ಲಿತನಕ ಹೇಳ್ತಾಳೆ.

ಅವರು ರಜೆಗೆ ಬಂದರೆ ಕಪ್ಪು ಟ್ರಂಕು ಮೊದಲು ಒಳಗೆ ಬರುತ್ತಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ಆ ಕ್ರಮದಲ್ಲೇ. ಹೆಸರು ಕೊನೆಗೆ! ಮೊದಲೆರಡು ದಿನ ನಾನು ಹತ್ತಿರ ಹೋಗುತ್ತಿರಲಿಲ್ಲ. ಹತ್ತಿರ ಆಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಹಾಗಾಗಿ ಕಾರ್ಯಪ್ಪನವರ ಆ ಮಾತು ನನಗೆ ಕಲ್ಲುಮನಸ್ಸಿನದು ಅನ್ನಿಸಲ್ಲ. ಆವತ್ತು ಸೆರೆಯಲ್ಲಿದ್ದ ಉಳಿದವರ ಮನೆಗಳಲ್ಲಿ ನಮ್ಮವ್ವನಂಥವರು ತಾರೀಖು ನೋಡಲು ಪತ್ರವೂ ಇಲ್ಲದೆ ಕೂತಿದ್ದರಲ್ಲ. ಅವರ ಗಂಡಂದಿರಿಗೆ ಅಯೂಬ್ ಖಾನ್ ಪರಿಚಯ ಇರಲಿಲ್ಲ.

ಗದಗಿನ_ಗೆಳೆಯ

ಅಕ್ಕಾರ, ನಂಬರು ಮೊದಲು ಹೆಸರು ಕೊನೆಗೆ ಅಂದ್ರಲ್ಲ, ಅದನ್ನು ಓದಿ ಸುಮ್ನ ಕುಂತೆ. ನಮ್ಮ ಕಾಕಾ ಸೈನ್ಯದಾಗಿದ್ದರು. ಊರಿಗೆ ಬಂದ ಮ್ಯಾಲೂ ಯಾರರ ಹೆಸರು ಕೇಳಿದರ ಮೊದಲು ನಂಬರ ಹೇಳತಿದ್ದರು.

ಸಂಶಯಪಿಶಾಚಿ

ಸರಿ, ಘಟನೆ ಒಪ್ಪಿದೆ. ಆದರೆ ಇನ್ನೊಂದು ಮಾತು. ಸೇನೆಗೆ ದೊಡ್ಡವರಾದವರೆಲ್ಲ ಮನೆಗೂ ದೊಡ್ಡವರೇ ಆಗಿರಬೇಕು ಅಂತ ಯಾಕೆ ಹಟ? ಕಾರ್ಯಪ್ಪನವರ ದಾಂಪತ್ಯ ಉಳಿಯಲಿಲ್ಲ ಅನ್ನುವುದು ದಾಖಲಾಗಿರುವ ವಿಷಯ. 'ಆದರ್ಶ ಕುಟುಂಬಸ್ಥ' ಅಂತ ಹಾರ ಹಾಕುವ ಮುಂಚೆ ಅದನ್ನೂ ಹೇಳಿ.

ಕಾಫಿಕಣಿವೆ

ಆದರ್ಶ ಅಂತ ನಾನೆಲ್ಲಿ ಬರೆದೆ ಸ್ವಾಮಿ? ಆದರೂ ಕೇಳಿದ್ದು ಒಳ್ಳೆಯದೇ ಆಯಿತು.

ಮುತ್ತು ಮಾಚಯ್ಯ ಅವರನ್ನು ಮದುವೆಯಾಗಿದ್ದು 1937ರಲ್ಲಿ, ಸಿಕಂದರಾಬಾದಿನಲ್ಲಿ. ಆಕೆ ಅರಣ್ಯಾಧಿಕಾರಿಯ ಮಗಳು. 1938ರ ಜನವರಿಯಲ್ಲಿ ನಂದಾ ಹುಟ್ಟಿದರು, 1943ರಲ್ಲಿ ನಳಿನಿ. ಆ ವರ್ಷಗಳನ್ನು ಒಮ್ಮೆ ನೋಡಿ. ಎರಡನೇ ಮಹಾಯುದ್ಧ. ಒಂದು ಊರಿಂದ ಇನ್ನೊಂದು ಊರಿಗೆ ವರ್ಗ. 1942ರಲ್ಲಿ ಒಂದು ಪಡೆಯ ನಾಯಕತ್ವ ಸಿಕ್ಕ ಮೊದಲ ಭಾರತೀಯ ಇವರೇ. ಆಮೇಲೆ 26ನೇ ಡಿವಿಷನ್ ಜೊತೆ ಬರ್ಮಾ ರಂಗ. 1945ರಲ್ಲಿ ಗಂಡ ಹೆಂಡತಿ ದೂರವಾದರು. 1948ರಲ್ಲಿ ಅಪಘಾತದಲ್ಲಿ ಆಕೆ ತೀರಿಕೊಂಡರು.

1948ರಲ್ಲಿ ಇವರು ಎಲ್ಲಿದ್ದರು? ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿ ಕಾಶ್ಮೀರದ ಯುದ್ಧ ನಡೆಸುತ್ತಿದ್ದರು. ಝೋಜಿಲಾ, ದ್ರಾಸ್, ಕಾರ್ಗಿಲ್, ಲೇಹ್ ದಾರಿ ಎಲ್ಲ ಅದೇ ವರ್ಷ. ಮರುವರ್ಷ ಜನವರಿ 15ಕ್ಕೆ ಅಧಿಕಾರ ವಹಿಸಿಕೊಂಡಾಗ ಮಗನಿಗೆ ಹನ್ನೊಂದು ತುಂಬಿ ಹತ್ತು ದಿನ ಚಿಲ್ಲರೆ, ಮಗಳು ಇನ್ನೂ ಪುಟ್ಟವಳು. ಅಮ್ಮ ಇಲ್ಲ. ಫೋಟೋದಲ್ಲಿ ಆ ಮನುಷ್ಯನ ಪಕ್ಕ ನಿಂತಿರುವವರೆಲ್ಲ ಸಮವಸ್ತ್ರದವರು. ಆವತ್ತು ಸಂಜೆ ಆ ಮನೆಯಲ್ಲಿ ಇಬ್ಬರು ಮಕ್ಕಳ ಅಪ್ಪನೂ ಅವರೇ, ಅಮ್ಮನೂ ಅವರೇ.

ದಾಂಪತ್ಯ ಮುರಿದದ್ದಕ್ಕೆ ಯಾರ ತಪ್ಪು ಅಂತ ನಾವು ಇಲ್ಲಿ ಕೂತು ಪಂಚಾಯ್ತಿ ಮಾಡುವುದು ಬೇಡ. ಆದರೆ ಇದನ್ನು ಬಿಟ್ಟು 1965ರ ಕಥೆ ಹೇಳಿದರೆ ಅರ್ಧವೇ ಹೇಳಿದ ಹಾಗೆ. ಬೇಡ ಅಂದದ್ದು ತಾಯಿಯಿಲ್ಲದೆ ತಾನೇ ಬೆಳೆಸಿದ ಮಗನ ವಿಷಯದಲ್ಲಿ.

ಮಾಜಿಸೈನಿಕ_ವಿರಾಜಪೇಟೆ

ನಾನು ಸೇನೆಯಲ್ಲಿದ್ದವನು. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ಅಪ್ಪ ಹೂಂ ಅಂದಿದ್ದರೆ ಮಗನ ಪಾಡು ಏನಾಗುತ್ತಿತ್ತು ಯೋಚಿಸಿ. ಬೇರೆಯವರೆಲ್ಲ ಒಳಗೆ, ಇವನೊಬ್ಬ ಮನೆಗೆ ವಾಪಸ್. ಆಮೇಲೆ ಅದೇ ಸ್ಕ್ವಾಡ್ರನ್ ಮೆಸ್ಸಿನಲ್ಲಿ ಊಟಕ್ಕೆ ಕೂರಬೇಕಲ್ಲ? ಯಾರೂ ಬಾಯಿಬಿಟ್ಟು ಏನೂ ಅನ್ನಲ್ಲ. ಅನ್ನದೇ ಇರುವುದೇ ಸಾಕು. ಆ ಹುಡುಗ ಏರ್ ಮಾರ್ಷಲ್ ಆಗುವುದು ಹಾಗಿರಲಿ, ಮತ್ತೊಂದು ವರ್ಷ ತಲೆಯೆತ್ತಿ ಕೆಲಸ ಮಾಡುವುದು ಕಷ್ಟ ಇತ್ತು. ಜೀವಮಾನ ಸೇನೆಯಲ್ಲಿ ಕಳೆದ ಅಪ್ಪನಿಗೆ ಇದು ಗೊತ್ತಿಲ್ಲದೆ ಇರುತ್ತಾ? ನನ್ನ ಮಟ್ಟಿಗೆ ಅದು ಮಗನನ್ನು ಉಳಿಸಿದ ಉತ್ತರ.

ಇನ್ನು ನಿಯಮದ ಮಾತು. 1949ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾಳುಗಳಲ್ಲಿ ಭೇದ ಮಾಡುವ ಹಾಗಿಲ್ಲ. ರ‍್ಯಾಂಕು, ಆರೋಗ್ಯ, ವಯಸ್ಸು ನೋಡಿ ವ್ಯತ್ಯಾಸ ಮಾಡಬಹುದು, ಅಪ್ಪ ಯಾರು ಅಂತ ನೋಡಿ ಅಲ್ಲ. ಶಿಬಿರಕ್ಕೆ ಬಂದ ಒಂದು ವಾರದೊಳಗೆ 'ನಾನು ಸೆರೆಯಲ್ಲಿದ್ದೇನೆ' ಅಂತ ಮನೆಗೆ ಒಂದು ಕಾರ್ಡ್ ಬರೆಯಲು ಬಿಡಬೇಕು. ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡ್. ಮೇಲೆ ಅಕ್ಕ ಹೇಳಿದ ತಾರೀಖಿನ ಲೆಕ್ಕ ಇದೆಯಲ್ಲ, ಒಪ್ಪಂದ ಬರೆದವರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ.

ಕೊನೆಗೆ 1966ರ ಜನವರಿಯಲ್ಲಿ ತಾಷ್ಕೆಂಟ್ ಒಪ್ಪಂದ ಆಯಿತು. ಅದೇ ತಿಂಗಳು ನಂದಾ ಕಾರ್ಯಪ್ಪ ಮನೆಗೆ ಬಂದರು. ನಾಲ್ಕು ತಿಂಗಳ ಮೇಲೆ.

ಪೇಟೆಹುಡುಗ

ಸಾರ್, ಮೆಸ್ಸಿನ ವಿಷಯ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್. ನಾನು ರೆಸಿಡೆನ್ಸಿ ರೋಡಲ್ಲೇ ಕೆಲಸ ಮಾಡೋದು. ಅದರ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಅಂತ ಗೊತ್ತಿತ್ತು, ಅಷ್ಟೇ ಗೊತ್ತಿದ್ದದ್ದು. ಒಬ್ಬ ಆಟೋದವರೂ ಆ ಹೆಸರು ಹೇಳಲ್ಲ.

ಬೆಟ್ಟದಮನೆ

ನಾವು ಮಡಿಕೇರಿಯವರು. ಚಿಕ್ಕಂದಿನಲ್ಲಿ ಅವರನ್ನು ದೂರದಿಂದ ನೋಡಿದ್ದೇವೆ. ಅವರ ಮನೆ 'ರೋಶನಾರ'. ನಿವೃತ್ತಿಯ ನಂತರ ಅಲ್ಲೇ ಇದ್ದರು. ವಯಸ್ಸು ಎಂಬತ್ತು ದಾಟಿದ್ದರೂ ಕೋಟು, ಟೈ, ಹೊಳೆಯುವ ಬೂಟು. ನಮ್ಮ ಮಳೆ ನಿಮಗೆ ಗೊತ್ತಲ್ಲ, ಜೂನ್ ಬಂದರೆ ಮನೆಯೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅವರ ಬೂಟಿಗೆ ಮಾತ್ರ ಹಿಡಿಯುತ್ತಿರಲಿಲ್ಲ. ಅದು ಹೇಗೆ ಅಂತ ನಮ್ಮಜ್ಜಿಗೆ ಬಹಳ ಕುತೂಹಲ ಇತ್ತು!

ಅವರ ಮನೆಗೆ ಊಟಕ್ಕೆ ಹೋಗುವವರು ಸರಿಯಾಗಿ ಉಡುಪು ಹಾಕಿಕೊಂಡೇ ಹೋಗಬೇಕಿತ್ತು ಅಂತ ಊರಲ್ಲಿ ಹೇಳುತ್ತಾರೆ. 'ಕರಿ ದೊರೆ' ಅಂತ ಹಿಂದಿನಿಂದ ನಕ್ಕವರೂ ಇದ್ದರು. ಸುಳ್ಳಲ್ಲ, ನಡೆನುಡಿ ಬ್ರಿಟಿಷರದ್ದೇ. ಬ್ರಿಟಿಷರು ಇಟ್ಟ 'ಕಿಪ್ಪರ್' ಅನ್ನುವ ಅಡ್ಡಹೆಸರು ಕೊನೆತನಕ ಅಂಟಿಕೊಂಡಿತ್ತು. ಆದರೆ ಅದೇ ಮನುಷ್ಯ ರಸ್ತೆಯಲ್ಲಿ ನಿವೃತ್ತ ಜವಾನ ಸಿಕ್ಕರೆ ನಿಂತು ಮಾತಾಡಿಸದೆ ಮುಂದೆ ಹೋಗುತ್ತಿರಲಿಲ್ಲ. ಪಿಂಚಣಿ ಬಂತಾ, ಮಗ ಏನು ಮಾಡ್ತಾನೆ ಅಂತ.

ಮಾಜಿಸೈನಿಕ_ವಿರಾಜಪೇಟೆ

ಅದನ್ನು ಒತ್ತಿ ಹೇಳಬೇಕು. ಮಾಜಿ ಸೈನಿಕರ ಸಂಘಟನೆ, ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್, ಕಟ್ಟುವುದರಲ್ಲಿ ಅವರ ಕೈ ದೊಡ್ಡದು. ಮೂವತ್ತೈದು-ನಲವತ್ತರ ವಯಸ್ಸಿಗೆ ಜವಾನ ಮನೆಗೆ ಬರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿ. ಪಿಂಚಣಿ ಅರ್ಧಂಬರ್ಧ. ಬಂದೂಕು ಬಿಚ್ಚಿ ಜೋಡಿಸಲು ಬರುತ್ತದೆ, ಬ್ಯಾಂಕಿನ ಫಾರಂ ತುಂಬಲು ಬರುವುದಿಲ್ಲ. ನಾನೂ ಒಂದು ಕಾಗದಕ್ಕಾಗಿ ಒಂದು ಕಚೇರಿಯಲ್ಲಿ ಅಲೆದಲೆದು ಚಪ್ಪಲಿ ಸವೆಸಿದ್ದೇನೆ, ಯಾವ ಕಚೇರಿ ಅಂತ ಬೇಡ ಬಿಡಿ. ನಮ್ಮ ಪರವಾಗಿ ಮಾತಾಡಲು ಒಂದು ಸಂಘ ಇರಬೇಕು ಅಂತ ಆ ಮಟ್ಟದ ಒಬ್ಬ ಜನರಲ್‌ಗೆ ಅನ್ನಿಸಿತಲ್ಲ, ನಮಗೆ ಅದು ಪದವಿಗಿಂತ ದೊಡ್ಡದು.

ಮೆಲ್ಬರ್ನ್‌ಮೈಸೂರಿಗ

ಇಲ್ಲಿಂದ ಒಂದು ಮಾತು. 1953ರಲ್ಲಿ ನಿವೃತ್ತರಾದ ಕೂಡಲೇ ಅವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿ ಬಂದಿದ್ದರು, 1956ರವರೆಗೆ. ಆಗ ಇಲ್ಲಿ ಬಿಳಿಯರಿಗಷ್ಟೇ ಬಾಗಿಲು ತೆರೆಯುವ ವಲಸೆ ನೀತಿ. ರಾಯಭಾರಿಗಳು ಇಂಥದ್ದನ್ನೆಲ್ಲ ನಯವಾಗಿ ನುಂಗಿಕೊಳ್ಳುತ್ತಾರೆ. ಇವರು ಬಹಿರಂಗವಾಗಿಯೇ ಟೀಕಿಸಿ ಗದ್ದಲ ಎಬ್ಬಿಸಿದರು. 'ಕರಿ ದೊರೆ' ಅಂತ ನಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ನಾನಿವತ್ತು ಇಲ್ಲಿ ಮನೆಕಟ್ಟಿಕೊಂಡು ಕೂತಿರುವುದು ಆ ನೀತಿ ಹೋದದ್ದರಿಂದ.

ಹವಾಲ್ದಾರ್‌ಮಗಳು

ಮಗಳ ಬಗ್ಗೆ ಯಾರೂ ಮಾತಾಡಲಿಲ್ಲ ಅಲ್ವಾ? ಈ ಕಥೆಗಳಲ್ಲೆಲ್ಲ ಅಪ್ಪ-ಮಗ, ಅಪ್ಪ-ಮಗ. ಅಣ್ಣ ಸೆರೆಯಲ್ಲಿದ್ದಾಗ ತಂಗಿಗೆ ಇಪ್ಪತ್ತೆರಡರ ಆಸುಪಾಸು. ಮಗನನ್ನು ಬಿಡುತ್ತೇವೆ ಅಂದಾಗ ಬೇಡ ಅಂದ ಅಪ್ಪ ಅವಳಿಗೂ ಅಪ್ಪನೇ. ಅವಳಿಗೆ ಏನನ್ನಿಸಿತೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಸಂಶಯಪಿಶಾಚಿ

ಒಳ್ಳೇ ಪ್ರಶ್ನೆ ಅಕ್ಕ. ನನ್ನ ಹತ್ತಿರ ಇದಕ್ಕೆ ಕೊಂಕು ಇಲ್ಲ.

ಬೆಟ್ಟದಮನೆ

1965 ಅಂದ ಕೂಡಲೇ ನಮಗೆ ನೆನಪಾಗುವುದು ಒಂದೇ ಮನೆಯಲ್ಲ. ಅದನ್ನು ಹೇಳದೆ ಈ ಚರ್ಚೆ ಮುಗಿಸಬೇಡಿ.

ಅದೇ ಸೆಪ್ಟೆಂಬರ್ 7ನೇ ತಾರೀಖು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ನಮ್ಮ ಕೊಡಗಿನವರೇ. ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಅವರು ಹೆಚ್ಚುವರಿ ಪೈಲಟ್ ಆಗಿ ಹೊರಟವರು, ಯಾರಾದರೂ ಹಿಂದೆ ಉಳಿದರೆ ಆ ಜಾಗಕ್ಕೆ. ಜಾಗ ಸಿಕ್ಕಿತು. ವಾಪಸ್ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನುಹತ್ತಿತು. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ದೇವಯ್ಯನವರದ್ದು ಹಳೇ ಮಿಸ್ಟೇರ್. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ತಿರುಗಿ ನಿಂತು ಕಾದಾಡಿ ಅದನ್ನು ಹೊಡೆದುರುಳಿಸಿದರು. ತಾವೂ ಉಳಿಯಲಿಲ್ಲ.

ಇದು ನಮ್ಮ ಕಡೆ ಯಾರಿಗೂ ಗೊತ್ತಾಗಲಿಲ್ಲ. ಜೊತೆಗೆ ಹೋದವರು ವಾಪಸ್ ಬಂದರು, ಇವರು ಬರಲಿಲ್ಲ, ಅಷ್ಟೇ. ಆ ಸ್ಟಾರ್‌ಫೈಟರ್ ಪೈಲಟ್ ಹಾರಿ ಬದುಕಿಕೊಂಡಿದ್ದ. ಆ ಕಡೆಯ ವಿವರ ಹೊರಬರಲು ಹತ್ತಾರು ವರ್ಷ ಬೇಕಾಯಿತು. 1988ರಲ್ಲಿ ಮಹಾವೀರ ಚಕ್ರ ಬಂತು, ಇಪ್ಪತ್ತಮೂರು ವರ್ಷ ತಡವಾಗಿ. ತೆಗೆದುಕೊಂಡವರು ಅವರ ಹೆಂಡತಿ. ಪುಟ್ಟ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಅಷ್ಟೂ ವರ್ಷ ದಾಟಿದವರು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಸೆಪ್ಟೆಂಬರ್. ಎರಡು ವಾರದ ಅಂತರ. ಒಂದು ಮನೆಗೆ ಮಗ ಬದುಕಿದ್ದಾನೆ ಅಂತ ರೇಡಿಯೋ ಹೇಳಿತು, ಬೇಕಾದರೆ ಕಳಿಸುತ್ತೇವೆ ಅಂತ ಅಧ್ಯಕ್ಷರೇ ಹೇಳಿದರು. ಇನ್ನೊಂದು ಮನೆಗೆ ಸುದ್ದಿಯೇ ಇಲ್ಲ. ಎರಡೂ ಕೊಡವರ ಮನೆ. ಇಷ್ಟು ಚಿಕ್ಕ ಸೀಮೆಯಲ್ಲಿ ಮದುವೆಗೆ, ಸಾವಿಗೆ, ಪುತ್ತರಿ ಹಬ್ಬಕ್ಕೆ ಮುಖ ಮುಖ ಸಿಗುವ ಜನ ನಾವು. ತನ್ನ ಮಗನನ್ನು ಮಾತ್ರ ಕರೆಸಿಕೊಂಡು ಇವರು ಯಾವ ಮುಖ ಹೊತ್ತು ಹೋಗುತ್ತಿದ್ದರು? ದೇಶಭಕ್ತಿ, ಶಿಸ್ತು ಅದೆಲ್ಲ ಸರಿ. ನನಗೆ ಮಾತ್ರ ಇದರಲ್ಲಿ ಊರಿನ ಮನುಷ್ಯನ ಮರ್ಯಾದೆಯೂ ಕಾಣುತ್ತದೆ.

ಅದೇ ವರ್ಷ ಡಿಸೆಂಬರ್ 18ಕ್ಕೆ ಜನರಲ್ ತಿಮ್ಮಯ್ಯನವರೂ ಹೋದರು, ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ. 1965 ನಮಗೆ ಅಂಥ ವರ್ಷ.

ಕಾಫಿಕಣಿವೆ

ಬೆಟ್ಟದಮನೆಯವರೇ, ದೇವಯ್ಯನವರ ಕಥೆ ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಯಾವತ್ತೂ ನೋಡಿರಲಿಲ್ಲ. ಮೇಲಿನ ನನ್ನ ಪ್ರಶ್ನೆಗೆ ನಿಮ್ಮಿಂದ ಉತ್ತರ ಸಿಕ್ಕಿತು.

ಗದಗಿನ_ಗೆಳೆಯ

ತಿಮ್ಮಯ್ಯನವರದೂ ಬೇರೆ ಚರ್ಚೆ ಶುರು ಮಾಡ್ರಿ. ಝೋಜಿಲಾಕ್ಕ ಟ್ಯಾಂಕ್ ಏರಿಸಿದ್ದು ಅವರ ಅಲ್ಲೇನು, 1948ರ ನವೆಂಬರ್ ಒಂದಕ್ಕ? ಆ ಥಂಡಿಯಾಗ!

ಮಾಜಿಸೈನಿಕ_ವಿರಾಜಪೇಟೆ

ಅವರೇ. ಆಗ ಪಶ್ಚಿಮ ಕಮಾಂಡ್ ಕಾರ್ಯಪ್ಪನವರದ್ದು, ಡಿವಿಷನ್ ತಿಮ್ಮಯ್ಯನವರದ್ದು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಿಗಿದ್ದವರು ಕನಸಲ್ಲೂ ಎಣಿಸಿರಲಿಲ್ಲ. ಅದು ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ಪೇಟೆಹುಡುಗ

ಒಂದು ಡೌಟು. ಫೀಲ್ಡ್ ಮಾರ್ಷಲ್ ಪದವಿ ಯಾವಾಗ ಕೊಟ್ಟಿದ್ದು? 1953ಕ್ಕೇ ನಿವೃತ್ತಿ ಆಗಿದ್ದರಲ್ಲ?

ಮಾಜಿಸೈನಿಕ_ವಿರಾಜಪೇಟೆ

1986ರಲ್ಲಿ. ಎಂಬತ್ತೇಳನೇ ವಯಸ್ಸಿನಲ್ಲಿ. ಅದಕ್ಕಿಂತ ಮುಂಚೆ 1973ರಲ್ಲಿ ಮಾಣೆಕ್ ಶಾ ಅವರಿಗೆ ಮಾತ್ರ ಸಿಕ್ಕಿತ್ತು. ಸೇನೆಯಲ್ಲಿ ಇವತ್ತಿಗೂ ಇಬ್ಬರೇ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಅನ್ನುವುದಿಲ್ಲ, ಉಸಿರಿರುವತನಕ ಸೇವೆಯಲ್ಲೇ ಲೆಕ್ಕ. ಕಾರ್ಯಪ್ಪನವರು ತೀರಿಕೊಂಡದ್ದು 1993ರ ಮೇ 15, ಬೆಂಗಳೂರಿನಲ್ಲಿ. ಸಂಸ್ಕಾರ ಮಡಿಕೇರಿಯಲ್ಲಿ. ಮಾಣೆಕ್ ಶಾ ಬಂದಿದ್ದರು, ಚಿತೆಗೆ ಬೆಂಕಿ ಕೊಟ್ಟಿದ್ದು ಮಗ.

ಪೇಟೆಹುಡುಗ

ಮುಂದಿನ ವಾರ ಮಡಿಕೇರಿಗೆ ಬರ್ತಿದ್ದೀನಿ, ಆಫೀಸ್ ಗುಂಪಿನ ಜೊತೆ. ಅವರೆಲ್ಲ ರಾಜಾಸೀಟು, ಅಬ್ಬಿ ಜಲಪಾತ ಅಂತಾರೆ. ರೋಶನಾರ ನೋಡಬಹುದಾ?

ಬೆಟ್ಟದಮನೆ

ಬೇಡ ತಮ್ಮಾ. ಅದು ಮನೆ, ಮ್ಯೂಸಿಯಂ ಅಲ್ಲ. ಗೇಟಿನ ಮುಂದೆ ನಿಂತು ಸೆಲ್ಫಿ ತೆಗೆಯುವುದೂ ಬೇಡ. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'ಗೆ ಹೋಗು, ಅದನ್ನು 2021ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅದಕ್ಕೆ ಮುಂಚೆ ಆರ್‌ಟಿಒ ಕಚೇರಿ ಆಗಿತ್ತು, ಜನರಲ್ ಮನೆಯಲ್ಲಿ ನಾವು ಲೈಸೆನ್ಸಿಗೆ ಸಾಲು ನಿಂತವರು! ಊರೊಳಗೆ ದೇವಯ್ಯನವರ ಹೆಸರಿನ ವೃತ್ತವೂ ಇದೆ. ಗೋಣಿಕೊಪ್ಪದ ಕಡೆ ಹೋದರೆ ಕಾವೇರಿ ಕಾಲೇಜಿನ ಹತ್ತಿರ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಗಳೂ ಇವೆ. ಸೋಮವಾರ ಬರಬೇಡ, ಬಹಳ ಕಡೆ ಮ್ಯೂಸಿಯಂಗಳಿಗೆ ಅವತ್ತು ರಜೆ, ಮೊದಲೇ ವಿಚಾರಿಸಿಕೋ. ಮತ್ತೆ ಕೊಡೆ ತಾ. ಜರ್ಕಿನ್ ಇದ್ದರೆ ಸಾಕು ಅಂತ ಬೆಂಗಳೂರಿನವರು ಎಲ್ಲರೂ ಹೇಳುತ್ತಾರೆ, ಸಾಲುವುದಿಲ್ಲ.